ಅಣ್ಣನ ಶತ್ರು

ದ್ವೀಪದ ದೊರೆಯೂ ಹಡಗಿನಲ್ಲಿ ಬಂದ ಬಿಳಿಯ ಕಪ್ತಾನನೂ ತೋಳು ಗೀರಿಕೊಂಡು, ರಕ್ತವನ್ನು ಹೆಂಡದಲ್ಲಿ ಬೆರೆಸಿ ಕುಡಿದರು. ಆ ನಾಡಿನಲ್ಲಿ ಹಾಗೆ ಕುಡಿದವರು ಒಡಹುಟ್ಟಿದವರಿದ್ದಂತೆ.

“ನಿನ್ನ ಶತ್ರು ಯಾರು ಹೇಳಣ್ಣ, ಅವನ ಊರು ಸುಟ್ಟು ಬರ್ತೀನಿ,” ಎಂದು ಕಪ್ತಾನ ದುಭಾಷಿಯಿಂದ ಹೇಳಿಸಿದ.

ದೊರೆಗೆ ಶತ್ರುಗಳೇ ಇರಲಿಲ್ಲ. ಇಲ್ಲವೆಂದರೆ ಫಿರಂಗಿ ಇರುವವನ ಮುಂದೆ ಸಣ್ಣವನಾಗುತ್ತೇನೆ ಎನಿಸಿ, ಎದುರಿನ ದ್ವೀಪದತ್ತ ಕೈ ತೋರಿಸಿದ. “ಅಲ್ಲಿನ ನಾಯಕ.”

“ಅವನೆಲ್ಲಿ ಶತ್ರು?” ಎಂದಳು ರಾಣಿ ಮೆಲ್ಲಗೆ. “ಅವನ ಹುಂಜದೆದುರು ನಿಮ್ಮ ಹುಂಜ ಸೋತಿತು, ಅಷ್ಟೇ ತಾನೆ!”

“ನೀನು ಸುಮ್ಮನಿರು.”

ಹಡಗು ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ಎದುರಿನ ದ್ವೀಪದ ದೋಣಿಯೊಂದು ಬಂದು ದಡ ಮುಟ್ಟಿತು. ಅದರ ತುಂಬ ಅಕ್ಕಿ, ಹಂದಿ.

“ನಮ್ಮ ನಾಯಕರು ಕಳಿಸಿದ್ದು, ದೊರೆ,” ಎಂದ ಅಂಬಿಗ. “ಅಣ್ಣನ ಮನೆಗೆ ನೆಂಟರು ಬಂದಿದಾರೆ, ಉಣಿಸೋಕೆ ಕಮ್ಮಿ ಬಿದ್ದು ಅವರ ಮರ್ಯಾದೆ ಹೋಗಬಾರದು ಅಂದ್ರು.”

ದೊರೆ ತಲೆ ತಗ್ಗಿಸಿದ. ರಾಣಿಯ ಮುಖ ನೋಡಲೂ ಆಗಲಿಲ್ಲ.

“ಇಷ್ಟಕ್ಕೆಲ್ಲ ಸಂಕೋಚ ಯಾಕೆ, ದೊರೆ?” ಅಂಬಿಗ ನಕ್ಕ. “ನಿಮ್ಮ ನೆಂಟರು ದಾರೀಲೇ ಸಿಕ್ಕಿದ್ರು. ಬಂಡೆ ತಪ್ಪಿಸಿ ನಮ್ಮೂರು ಸೇರೋ ದಾರೀನ ನಾನೇ ತೋರಿಸಿ ಬಂದೆ.”