ತಳ ಮುಟ್ಟಿದ ದಿನ

ಕೇಕಿನ ಡಬ್ಬಿ ಹಿಡಿದುಕೊಂಡು ಅವಳು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದಾಗ, ಊಟದ ಮೇಜಿನ ಮೇಲೆ ದೇಶದ ಆರ್ಥಿಕತೆ ಮಕಾಡೆ ಬಿದ್ದಿತ್ತು. ಮೇಜಿನ ಈಚೆ ಗಂಡ, ಆಚೆ ಅಣ್ಣ. ಇಬ್ಬರೂ ಅರ್ಥಶಾಸ್ತ್ರದ ಪ್ರೊಫೆಸರುಗಳು. ಬ್ಯಾಂಕುಗಳು ಮುಳುಗಿದ ಮೇಲೆ ದೇಶ ಚೇತರಿಸಿಕೊಳ್ಳುವುದು ಬೇಗವೋ ನಿಧಾನವೋ ಎಂದು ಮರುದಿನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಇಬ್ಬರ ನಡುವೆ ಬಹಿರಂಗ ಚರ್ಚೆಯಿತ್ತು. ಕುಸ್ತಿ ನಾಳೆಯದಾದರೂ ತಾಲೀಮು ಇವತ್ತೇ, ಅವಳ ಮನೆಯಲ್ಲೇ ನಡೆದಿತ್ತು.

"ಕೆಲಸ ಸಿಕ್ತು," ಅಂದಳು ಬಾಗಿಲಲ್ಲೇ ನಿಂತು.

ಅವಳು ಒಂದು ಬ್ಯಾಂಕಿನ ಶಾಖೆಗೆ ಮ್ಯಾನೇಜರ್ ಆಗಿದ್ದವಳು. ಆ ಬ್ಯಾಂಕು ಬಾಗಿಲು ಹಾಕಿ ಮೂರು ವರ್ಷವಾಗಿತ್ತು. ಈ ಎರಡು ಶಬ್ದ ಹೇಳುವುದಕ್ಕೆ ಅಂದಿನಿಂದ ಅವಳ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಹೇಳಿದ ಕೂಡಲೇ ಇಬ್ಬರೂ ಕುರ್ಚಿಯಿಂದ ಎದ್ದುಬಿಡುತ್ತಾರೆ ಎಂದು ಬಸ್ಸಿನಲ್ಲಿ ಅಂದುಕೊಂಡು ಬಂದಿದ್ದಳು. ಎದ್ದದ್ದೇನೋ ನಿಜ.

"ನೋಡಿದ್ರಾ ಭಾವ!" ಗಂಡ ಮೇಜು ಗುದ್ದಿದ. "ನಾನು ಬಡ್ಕೊಳ್ತಾನೇ ಇದ್ದೆ. ಎಷ್ಟು ಆಳಕ್ಕೆ ಬೀಳುತ್ತೋ ಅಷ್ಟೇ ರಭಸದಲ್ಲಿ ಏಳುತ್ತೆ. ನಿನ್ನೆವರೆಗೆ ಸೊನ್ನೆ, ಇವತ್ತು ನೌಕರಿ!"

"ಸ್ವಲ್ಪ ತಡೀರಿ ಮಹಾರಾಯರೆ." ಅಣ್ಣ ಕನ್ನಡಕ ಮೇಲಕ್ಕೇರಿಸಿ ತಂಗಿಯ ಕಡೆ ತಿರುಗಿದ. "ಎಂಥಾ ಕೆಲಸವೇ ಪುಟ್ಟಿ?"

"ಕೊರಿಯರ್ ಆಫೀಸು ಅಣ್ಣ. ಕೌಂಟರಲ್ಲಿ. ಪಾರ್ಸೆಲ್ ತೂಕ ಮಾಡಿ ಚೀಟಿ ಅಂಟಿಸೋದು."

"ಇಷ್ಟೇ ಬೇಕಾಗಿತ್ತು ನನಗೆ!" ಅಣ್ಣನ ಮುಖ ಅರಳಿತು. "ಗಾಜಿನ ಬಾಗಿಲಿನ ಕ್ಯಾಬಿನ್ ಇತ್ತು ಇವಳಿಗೆ. ಈಗ ತಕ್ಕಡಿ ಮುಂದೆ ನಿಲ್ತಾಳೆ. ಮೂರು ವರ್ಷ ಆದ್ರೂ ಹಳೇ ಎತ್ತರದ ಅರ್ಧಕ್ಕೂ ಬಂದಿಲ್ಲ. ಇದನ್ನ ಚೇತರಿಕೆ ಅಂತೀರಾ?"

ಅವಳ ಮದುವೆಯಲ್ಲೂ ಅಣ್ಣ ಇಷ್ಟು ಖುಷಿಪಟ್ಟದ್ದು ಅವಳಿಗೆ ನೆನಪಿಲ್ಲ.

ಇವರಿಬ್ಬರ ಜಗಳವೆಲ್ಲ ಇಷ್ಟೇ. ಬಿದ್ದವರು ಎದ್ದದ್ದನ್ನು ಗಂಡ ಗುಂಡಿಯ ತಳದಿಂದ ಅಳೆಯುತ್ತಾನೆ, ಎಷ್ಟು ಬೇಗ ಹತ್ತಿದರು ನೋಡಿ ಎನ್ನುತ್ತಾನೆ. ಅಣ್ಣ ಬೀಳುವ ಮೊದಲು ನಿಂತಿದ್ದ ಜಾಗದಿಂದ ಅಳೆಯುತ್ತಾನೆ, ಇನ್ನೂ ಎಷ್ಟು ಬಾಕಿ ಇದೆ ನೋಡಿ ಎನ್ನುತ್ತಾನೆ. ಇಬ್ಬರ ಲೇಖನಗಳಲ್ಲೂ 'ಒಬ್ಬ ಮಾಜಿ ಶಾಖಾ ವ್ಯವಸ್ಥಾಪಕಿ' ಉದಾಹರಣೆಯಾಗಿ ಬಂದು ಹೋಗುತ್ತಿದ್ದಳು. ಒಂದರಲ್ಲಿ ಆಕೆ ಇನ್ನೇನು ಎದ್ದೇಬಿಡುವವಳು. ಇನ್ನೊಂದರಲ್ಲಿ ಸದ್ಯಕ್ಕೆ ಏಳುವ ಲಕ್ಷಣವಿಲ್ಲದವಳು. ಎರಡನ್ನೂ ಅಚ್ಚಿಗೆ ಹೋಗುವ ಮೊದಲು ಅಕ್ಷರದೋಷ ತಿದ್ದಿ ಕೊಡುತ್ತಿದ್ದವಳು ಅವಳೇ. ಮನೆಯಲ್ಲಿ ಬಿಡುವಾಗಿದ್ದವಳು ಅವಳೊಬ್ಬಳೇ ತಾನೇ.

"ಕೇಕ್ ತಂದಿದೀನಿ," ಅಂದಳು.

"ಹಾಂ, ಇಲ್ಲಿಡು." ಗಂಡ ದೊಡ್ಡ ಗ್ರಾಫ್ ಹಾಳೆಯ ಮೂಲೆ ತೋರಿಸಿದ. "ಫ್ಯಾನಿನ ಗಾಳಿಗೆ ಆಗ್ಲಿಂದ ಹಾರ್ತಿದೆ."

ಇಟ್ಟಳು. ಹಾಳೆ ತೆಪ್ಪಗಾಯಿತು. ಗಂಡ ಪೆನ್ಸಿಲ್ಲು ತೆಗೆದುಕೊಂಡು ಗೆರೆಯ ಕೊನೆಗೆ ಒಂದು ಚುಕ್ಕೆ ಇಟ್ಟು, "ಇದು ನೀನು," ಅಂದ. ಅಣ್ಣ ರಬ್ಬರು ತೆಗೆದು ಅದನ್ನು ಒರೆಸಿ ಎರಡು ಬೆರಳಷ್ಟು ಕೆಳಗಿಟ್ಟ. ಗಂಡ ಮತ್ತೆ ಮೇಲಿಟ್ಟ. ಅವಳು ತಾನು ಹತ್ತಿ ಇಳಿಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದಳು. 'ಒಳ್ಳೇದಾಯ್ತು ಕಣೇ' ಅಂತ ಒಂದು ಮಾತು ಬೇಕಿತ್ತು ಅವಳಿಗೆ, ಅಷ್ಟೇ. ಆದರೆ ಅದು ಕೇಳಿ ಪಡೆಯುವ ಮಾತಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು. ಬರುವಷ್ಟರಲ್ಲಿ ಜಗಳ ತಳಕ್ಕಿಳಿದಿತ್ತು.

"ಹೋದ ವರ್ಷ ಇವಳು ಅರ್ಜಿ ಹಾಕೋದನ್ನೇ ನಿಲ್ಲಿಸಿದ್ಳಲ್ಲ, ಅದೇ ತಳ," ಗಂಡ ಹೇಳುತ್ತಿದ್ದ. "ಅಲ್ಲಿಂದ ಇಲ್ಲಿಗೆ ಒಂದೇ ನೆಗೆತ!"

"ತಲೆ ಇದೆಯೇನ್ರೀ? ಬ್ಯಾಂಕು ಮುಚ್ಚಿದ ದಿನವೇ ತಳ. ಅವತ್ತಿಂದ ತೆವಳ್ತಾನೇ ಇದಾಳೆ."

"ನಾವ್ಯಾಕೆ ಹೊಡೆದಾಡ್ಬೇಕು? ಆಸಾಮಿ ಎದುರಿಗೇ ಇದಾಳಲ್ಲ, ಕೇಳೋಣ," ಅಂದ ಗಂಡ. ಮಧ್ಯಾಹ್ನದಿಂದ ಇಬ್ಬರೂ ಒಪ್ಪಿದ ಮೊದಲ ಮಾತು ಅದು. "ಹೇಳೇ, ನಿನ್ನ ತೀರಾ ಕೆಟ್ಟ ದಿನ ಯಾವ್ದು?"

ಅವಳು ನಿಜವಾಗಿಯೂ ಯೋಚಿಸಿದಳು. ಬ್ಯಾಂಕು ಮುಚ್ಚಿದ ದಿನ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ. ಅಳುವುದಕ್ಕೆ ಜೊತೆಗೆ ಜನ ಇದ್ದರು. ಅರ್ಜಿ ನಿಲ್ಲಿಸಿದ ದಿನವಂತೂ ಹಾಯಾಗಿ ನಿದ್ದೆ ಬಂದಿತ್ತು. ಆದರೆ ಒಂದು ದಿನ ಬೀದಿಯಲ್ಲಿ ಅವಳ ಹಳೆಯ ಶಾಖೆಯ ಅಟೆಂಡರ್ ಎದುರಿಗೆ ಬರುತ್ತಿದ್ದ. ಈಗೆಲ್ಲಿದ್ದೀರಿ ಮೇಡಂ ಅಂತ ಕೇಳಿಯಾನು ಎಂದು ಅವಳು ಪಕ್ಕದ ಔಷಧಿ ಅಂಗಡಿಗೆ ನುಗ್ಗಿ, ಕೆಮ್ಮಿಲ್ಲದೆ ಕೆಮ್ಮಿನ ಔಷಧಿ ಕೊಂಡಿದ್ದಳು. ಆ ಬಾಟಲಿ ಇನ್ನೂ ಅಡುಗೆಮನೆಯ ಕಪಾಟಿನಲ್ಲಿದೆ. ಯಾರಿಗೆ ಕೆಮ್ಮು ಎಂದು ಯಾರೂ ಕೇಳಿಲ್ಲ. ಇಷ್ಟು ದಿನ ತಳ ಅಂದರೆ ಅದೇ ಎಂದುಕೊಂಡಿದ್ದಳು.

"ಬೇಗ ಹೇಳು ಪುಟ್ಟಿ," ಅಂದ ಅಣ್ಣ. ಇಬ್ಬರ ಪೆನ್ಸಿಲ್ಲೂ ಹಾಳೆಯ ಮೇಲೆ ಕಾದಿದ್ದವು.

ಅವಳು ಕೇಕಿನ ಡಬ್ಬಿ ಎತ್ತಿಕೊಂಡಳು. ಹಾಳೆಯ ಮೂಲೆ ಮತ್ತೆ ಪಟಪಟ ಹೊಡೆದುಕೊಳ್ಳತೊಡಗಿತು.

"ಈಗ್ಲೇ ಹೇಳೋಕಾಗಲ್ಲ ಅಣ್ಣ," ಅಂದಳು. "ಇವತ್ತಿನ ದಿನ ಇನ್ನೂ ಮುಗಿದಿಲ್ಲ."

ಇಬ್ಬರೂ ಬರೆದುಕೊಂಡರು.