ತೊಟ್ಟಿಯಲ್ಲಿ ತೇಲುತ್ತಿದ್ದ ಬಾಟಲಿ

ಕಪ್ಪು ಬೆಲ್ಲದ ಪಾಕದಂಥ ಕಾಕಂಬಿಯ ವಾಸನೆ ಮೂಗಿಗೆ ತಾಗಿದ್ದೇ ಮರ್ಟಲ್‌ಗೆ ಅಪ್ಪನ ಕಣಜ ನೆನಪಾಯಿತು. ಇಲಿಗಳಿಗೆಂದು ಅಪ್ಪ ಪಾಷಾಣಕ್ಕೆ ಕಾಕಂಬಿ ಕಲಸಿಟ್ಟಿದ್ದ. ಅದನ್ನು ನೆಕ್ಕಿ ಸತ್ತದ್ದು ಅವಳ ನಾಯಿಮರಿ. ಅಂದಿನಿಂದ ಕಾಕಂಬಿಯನ್ನು ಅವಳು ಬಾಯಿಗಿಟ್ಟವಳಲ್ಲ. ಈಗ ಅದೇ ವಾಸನೆ, ಅವಳ ಕೋಳಿಗಳು ಕುಡಿಯುವ ತೊಟ್ಟಿಯಲ್ಲಿ.

ನ್ಯೂ ಬ್ರನ್ಸ್‌ವಿಕ್ಕಿನ ಜನವರಿಯಲ್ಲಿ ಬೆಳಗಾಗುವಷ್ಟರಲ್ಲಿ ತೊಟ್ಟಿಯ ನೀರು ಕಲ್ಲಾಗಿರುತ್ತದೆ. ದಿನವೂ ಅವಳು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಿಸಿನೀರಿನ ಕೆಟಲ್ ಹಿಡಿದು, ಜಾರುವ ಮೆಟ್ಟಿಲಿಳಿದು ಹಿತ್ತಲಿಗೆ ಬರಬೇಕು. ಇವತ್ತು ನೀರು ಅಲುಗುತ್ತಿತ್ತು. ನಡುವೆ ಒಂದು ಕಂದು ಬಾಟಲಿ ತೇಲುತ್ತಿತ್ತು. ಬೇಲಿಯಿಂದ ಗೂಡಿನವರೆಗೆ ಹಿಮದಲ್ಲಿ ದೊಡ್ಡ ಬೂಟಿನ ಗುರುತು.

ಬೇಲಿಯಾಚೆಯ ಮನೆಯವನು ಒರೆಲ್. ಹುಂಜದ ಕೂಗಿಗೆ ನಿದ್ದೆ ಕೆಡುತ್ತದೆಂದು ಬೇಸಿಗೆಯಲ್ಲಿ ಜಗಳ ತೆಗೆದು, "ಒಂದಿನ ಇದರ ಕತ್ತು ಮುರೀತೀನಿ" ಎಂದವನು. ಆಮೇಲೆ ಮಾತಿಲ್ಲ, ಕತೆಯಿಲ್ಲ.

ಕೋಳಿಗಳನ್ನು ಅಟ್ಟಿ, ತೊಟ್ಟಿ ಮಗುಚಿ, ಬಾಟಲಿ ಹಿಡಿದುಕೊಂಡು ಅವಳು ಅವನ ಬಾಗಿಲು ಬಡಿದಳು.

"ಇದು ನಿಂದೇನಯ್ಯಾ?"

"ನಂದೇ. ಕೋಳಿಗಳು ಕುಡಿದ್ವಾ?"

"ಯಾಕೆ, ಇನ್ನೂ ಸತ್ತಿಲ್ಲವಲ್ಲ ಅಂತ ಚಿಂತೆನಾ? ಏನು ತುಂಬಿದೀಯ ಇದರಲ್ಲಿ?"

"ಉಪ್ಪುನೀರು. ಅದು ಸುಲಭಕ್ಕೆ ಗಟ್ಟಿ ಆಗಲ್ಲ. ಬಾಟಲಿ ಗಾಳಿಗೆ ಅಲ್ಲಾಡ್ತಾ ಇದ್ರೆ ಸುತ್ತಲಿನ ನೀರೂ ಬೇಗ ಹೆಪ್ಪುಗಟ್ಟಲ್ಲ. ನಮ್ಮಮ್ಮ ಹಾಗೇ ಮಾಡ್ತಿದ್ಲು."

"ಉಪ್ಪಿಗೆ ಕಾಕಂಬಿ ವಾಸನೆ ಯಾವಾಗಿಂದ ಬಂತು?"

"ಕಾಕಂಬಿ ಬಾಟಲಿಗೆ ಇನ್ನೇನು ಅತ್ತರಿನ ವಾಸನೆ ಬರುತ್ತಾ? ಸರಿಯಾಗಿ ತೊಳೀಲಿಲ್ಲ, ಅಷ್ಟೆ."

"ಹಾಗಾದ್ರೆ ನೀನೇ ಕುಡಿ."

ಒರೆಲ್ ಅವಳ ಮುಖ ನೋಡಿದ. ಮುಚ್ಚಳ ತಿರುಗಿಸಿ ದೊಡ್ಡದೊಂದು ಗುಟುಕು ಕುಡಿದ. ಅವನ ಮುಖ ಹಿಂಡಿದ ನಿಂಬೆಯಂತಾಯಿತು. ಕೆಮ್ಮು ನಿಂತ ಮೇಲೆ ಹೇಳಿದ: "ಮೊನ್ನೆ ನೀವು ಕೆಟಲ್ ಸಮೇತ ಮೆಟ್ಟಿಲ ಮೇಲೆ ಬಿದ್ದಿದ್ದು ಕಿಟಕೀಲಿ ಕಂಡೆ. ನಾನು ಬೂಟು ಹಾಕೋಷ್ಟರಲ್ಲಿ ಎದ್ದು, ಯಾರಾದ್ರೂ ನೋಡಿದ್ರಾ ಅಂತ ಸುತ್ತ ನೋಡ್ತಿದ್ರಿ."

"ಕೇಳಿ ಇಡಬಹುದಿತ್ತಲ್ಲ."

"ಕೇಳಿದ್ರೆ ಬೇಡ ಅಂತಿದ್ರಿ."

ಸಂಶಯ ಅಷ್ಟಕ್ಕೇ ಹೋಗಲಿಲ್ಲ. ಸಂಜೆಯವರೆಗೂ ಅವಳು ಕಿಟಕಿಯಲ್ಲಿ ಕೂತು ಕೋಳಿಗಳನ್ನೇ ನೋಡಿದಳು. ಒಂದೂ ರೆಕ್ಕೆ ಜೋಲಿಸಲಿಲ್ಲ. ಹುಂಜ ಮಾತ್ರ ಎಂದಿಗಿಂತ ಜೋರಾಗಿ ಕೂಗಿತು. ಬೇಲಿಯಾಚೆಯಿಂದ ಒಂದು ಬೈಗುಳವೂ ಬರಲಿಲ್ಲ.

ಶನಿವಾರ ಊರಿನ ಎಲ್ಲರ ಮನೆಯ ಒಲೆಯಲ್ಲೂ ಹಂದಿಕೊಬ್ಬು ಹಾಕಿದ ಬೀನ್ಸ್ ಕಾಳು ಬೇಯುವ ದಿನ. ಮರ್ಟಲ್ ಇಷ್ಟು ವರ್ಷವೂ ಅದಕ್ಕೆ ಎಲ್ಲರಂತೆ ಕಾಕಂಬಿಯಲ್ಲ, ಸಕ್ಕರೆಯನ್ನೇ ಹಾಕಿದವಳು. ಅಂದು ಸಂಜೆ ಬಟ್ಟೆ ಸುತ್ತಿದ ಮಡಕೆ ಹಿಡಿದು ಬೇಲಿಯ ಬಳಿ ನಿಂತು ಒರೆಲ್‌ನನ್ನು ಕರೆದಳು. ಮುಚ್ಚಳ ತೆಗೆದಾಗ ಕಾಕಂಬಿಯ ಆವಿ ಎದ್ದಿತು. ಅವನು ಬಾಯಿ ತೆರೆಯುವ ಮೊದಲೇ ಅವಳು ಚಮಚ ಅದ್ದಿ, ಕಣ್ಣು ಮುಚ್ಚಿ, ಒಂದು ತುತ್ತು ತಾನು ನುಂಗಿದಳು. ಆಮೇಲೆ ಮಡಕೆಯನ್ನು ಅವನ ಕೈಗಿತ್ತಳು.