ಒಂಬತ್ತನೇ ಪ್ರಶ್ನೆ

ಈಗಲೇ ಹೇಳಿಬಿಡಲಾ? ಹೇಳಿದರೆ ಅಜ್ಜಿ ಇಲ್ಲಿಂದಲೇ ವಾಪಸ್ ಬಸ್ ಹತ್ತುತ್ತಾಳೆ... ಹೇಳದಿದ್ದರೆ ಒಳಗೆ ಕೂತು ತಾನೇ ಕಣ್ಣಾರೆ ನೋಡುತ್ತಾಳೆ... ಒಂದು ವೇಳೆ ಸಾಹೇಬರು ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿದರೆ?

ಶಿವನಂಜ ವಿಧಾನಸಭೆಯ ಗೇಟಿನ ಬಳಿ ನಿಂತಿದ್ದ. ಅವನು ಒಬ್ಬ ಶಾಸಕರ ಪಿಎ. ಕೈಯಲ್ಲಿ ಸದನದ ಗ್ಯಾಲರಿ ಪಾಸ್ ಇತ್ತು.

ಎದುರಿಗೆ ಚಿಕ್ಕತಾಯಮ್ಮ. ಸಾಹೇಬರ ಕ್ಷೇತ್ರದವಳು, ಎಪ್ಪತ್ತು ದಾಟಿದ ವಿಧವೆ. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು.

ಅವಳ ಪಿಂಚಣಿ ನಿಂತು ಹದಿನಾಲ್ಕು ತಿಂಗಳಾಗಿತ್ತು.

ಕಾರಣ ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ... ಪಿಂಚಣಿದಾರರು ಬದುಕಿದ್ದಾರಾ ಅಂತ ಪಂಚಾಯ್ತಿ ಮುಂದೆ ಹೆಸರು ಕರೆದು ನೋಡುವ ದಿನ ಅದು. ಅವಳು ರಸ್ತೆಯ ಆಚೆ ಬದಿ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಸಾಲಿನಲ್ಲಿದ್ದಳು. ಅದೂ ಸರ್ಕಾರದ್ದೇ ಸಾಲು!

ಎರಡು ಸಲ ಕರೆದರು. ‘ಗೈರು’ ಅಂತ ಬರೆದರು. ಮುಗೀತು.

ಆಮೇಲೆ ಎಷ್ಟು ಅರ್ಜಿ ಕೊಟ್ಟರೂ ಒಂದೇ ಮಾತು... “ಕರೆದಾಗ ಎಲ್ಲಿ ಹೋಗಿದ್ದೆ?”

ಅಂದಿನಿಂದ ಅವಳಿಗೊಂದು ಭಯ ಅಂಟಿಕೊಂಡಿತು. ಆಸ್ಪತ್ರೆಯಾಗಲಿ, ಬ್ಯಾಂಕಾಗಲಿ, ಯಾರಾದರೂ ಹೆಸರು ಕರೆಯುತ್ತಿದ್ದರೆ ಕೂರುವುದೇ ಇಲ್ಲ. ನಿಂತೇ ಇರುತ್ತಾಳೆ.

ಅವಳ ಕಥೆ ಕೇಳಿ, ಸದನದಲ್ಲಿ ಕೇಳಲು ಒಂದು ಪ್ರಶ್ನೆ ಬರೆದವನು ಶಿವನಂಜನೇ. ಸಾಹೇಬರು ಸಹಿ ಹಾಕಿದ್ದರು. ಅವನು ಖುಷಿಯಿಂದ ಊರಿಗೆ ಫೋನ್ ಮಾಡಿ ಹೇಳಿದ್ದ. ನಿಮ್ಮದು ಒಂಬತ್ತನೇ ಪ್ರಶ್ನೆ ಅಜ್ಜಿ, ಒಂಬತ್ತು ಅಂತ ಕರೆದ ಕೂಡಲೇ ಸಾಹೇಬರು ಎದ್ದು ನಿಂತು ನಿಮ್ಮ ಹೆಸರು ಹೇಳಿ ಮಂತ್ರಿಗಳನ್ನು ಕೇಳ್ತಾರೆ, ಬಂದು ನೋಡಿ ಅಂತ.

ಆದರೆ ಇವತ್ತು ಬೆಳಿಗ್ಗೆ ಸಾಹೇಬರು ಇಡ್ಲಿ ಮುರಿಯುತ್ತಾ ಹೇಳಿದ್ದು ಬೇರೆ.

“ಮಂತ್ರಿಗಳ ಕಡೆಯಿಂದ ಫೋನ್ ಬಂದಿತ್ತು ಕಣೋ. ನಮ್ಮ ಭಾವಮೈದುನನ ಟ್ರಾನ್ಸ್‌ಫರ್ ಫೈಲ್ ಅವರ ಟೇಬಲ್ ಮೇಲಿದೆ. ಒಂಬತ್ತು ಬರೋ ಹೊತ್ತಿಗೆ ನಾನು ಹೊರಗಿರ್ತೀನಿ. ಉತ್ತರ ಹೆಂಗೂ ಲಿಖಿತವಾಗಿ ಬರುತ್ತಲ್ಲ.”

ಶಿವನಂಜ “ಆಯ್ತು ಸರ್” ಅಂದಿದ್ದ.

ಈಗ ಅಜ್ಜಿಗೂ ಏನೂ ಹೇಳಲಿಲ್ಲ. ಪಾಸ್ ಕೊಟ್ಟ. ಗ್ಯಾಲರಿಯಲ್ಲಿ ಅವಳ ಪಕ್ಕದಲ್ಲೇ ಕೂತ.

ಏಳು ಮುಗಿಯಿತು... ಎಂಟು ಮುಗಿಯಿತು... ಸಾಹೇಬರ ಕುರ್ಚಿ ಖಾಲಿ.

“ಪ್ರಶ್ನೆ ಸಂಖ್ಯೆ ಒಂಬತ್ತು.”

ಯಾರೂ ಏಳಲಿಲ್ಲ. ಸಭಾಧ್ಯಕ್ಷರು ಸಾಹೇಬರ ಹೆಸರು ಹೇಳಿ ಇನ್ನೊಮ್ಮೆ ಕರೆದರು.

ಶಿವನಂಜ ಸದನದ ಬಾಗಿಲ ಕಡೆ ನೋಡಿದ...

ಎರಡು ಸಲ ಕರೆದಾಯಿತು. ಇನ್ನು ಮೂರನೇ ಸಲ ಕರೆಯುವುದಿಲ್ಲ ಅನ್ನುವುದು ಚಿಕ್ಕತಾಯಮ್ಮನಿಗೆ ಗೊತ್ತಿಲ್ಲದ ವಿಷಯವೇ?

ಗ್ಯಾಲರಿಯಲ್ಲಿ ಎದ್ದು ನಿಂತಳು. ಕೈ ಎತ್ತಿದಳು.

“ಒಂಬತ್ತು ನಂದೇ ಸ್ವಾಮಿ... ಇಲ್ಲೇ ಇವ್ನಿ. ಈ ಸಲ ಗೈರು ಅಂತ ಬರೀಬ್ಯಾಡಿ.”

ಕೆಳಗೆ ಕೆಲವರು ತಲೆ ಎತ್ತಿ ನೋಡಿದರು. ಒಬ್ಬರು ನಕ್ಕರು. ಮಾರ್ಷಲ್‌ಗಳು ಬಂದರು. ಅವಳು ಜಗಳ ಆಡಲಿಲ್ಲ. ಬರ್ಕೊಂಡ್ರಾ, ಬರ್ಕೊಂಡ್ರಾ ಅಂತ ಅವರನ್ನೇ ಕೇಳುತ್ತಾ ನಡೆದಳು. ಅಷ್ಟರಲ್ಲಿ ಹತ್ತನೇ ಪ್ರಶ್ನೆ ಶುರುವಾಗಿತ್ತು.

ಸದನದ ಹೊರಗಿನ ಮೊಗಸಾಲೆಯಲ್ಲಿ ಸಾಹೇಬರು ಕಾಫಿ ಕುಡಿಯುತ್ತಿದ್ದರು. ವಿಷಯ ಆಗಲೇ ಅವರ ಕಿವಿಗೆ ಬಿದ್ದಿತ್ತು.

“ಯಾವನೋ ಅವಳಿಗೆ ಪಾಸ್ ಕೊಟ್ಟೋನು? ಮುಂದಿನ ಎಲೆಕ್ಷನ್‌ಗೆ ಅವಳನ್ನೇ ನಿಲ್ಲಿಸಿಬಿಡು.”

ಸುತ್ತ ಇದ್ದವರೆಲ್ಲ ನಕ್ಕರು. ಶಿವನಂಜ ನೆಲ ನೋಡಿದ.

ಅವನ ಜೇಬಿನಲ್ಲಿ ಮಂತ್ರಿಗಳ ಲಿಖಿತ ಉತ್ತರ ಇತ್ತು. ಬದುಕಿರುವವರ ಪಿಂಚಣಿ ನಿಂತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ‘ಬಂದಿರುವುದಿಲ್ಲ.’ ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ‘ಉದ್ಭವಿಸುವುದಿಲ್ಲ.’

ಹದಿನಾಲ್ಕು ತಿಂಗಳ ಹಸಿವು... ಉದ್ಭವಿಸುವುದಿಲ್ಲವಂತೆ.

ಬಸ್ ಸ್ಟ್ಯಾಂಡಿನವರೆಗೆ ಅಜ್ಜಿಯ ಜೊತೆ ನಡೆದ. ಅವಳು ಬೈಯಲಿ ಅಂತ ಕಾಯುತ್ತಿದ್ದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಬೈಯಲಿಲ್ಲ. ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಅವನ ಕೈಗಿಟ್ಟಳು. ಸಾಹೇಬರಿಗೆ ಅಂತ ತಂದಿದ್ದೆ, ಅವರು ಸಿಕ್ಕಲಿಲ್ಲ, ನೀನೇ ತಿನ್ನು ಅಂದಳು.

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ, ನಿಜವಾದ ಕನಿಕರದಿಂದ ಕೇಳಿದಳು.

“ಪಾಪ ಕಣಪ್ಪ ನಿಮ್ ಸಾಹೇಬ್ರು... ಕರ್ದಾಗ ಇರ್ನಿಲ್ವಲ್ಲ. ಅವ್ರಿಗೆ ಎಷ್ಟ್ ತಿಂಗ್ಳು ನಿಲ್ಲಿಸ್ತಾರೆ?”

ಬಸ್ಸು ಹೊರಟಿತು. ಶಿವನಂಜನ ಕಣ್ಣು ತುಂಬಿತು. ಬಾಳೆಹಣ್ಣು ಕೈಯಲ್ಲೇ ಇತ್ತು.

ಕರೆದಾಗ ಎದ್ದು ನಿಲ್ಲದವನಷ್ಟೇ ಅಲ್ಲ, ಗೊತ್ತಿದ್ದೂ ಬಾಯಿ ಬಿಡದವನೂ ಗೈರುಹಾಜರಾದವನೇ.

ಮುಂದಿನ ಸಲ ಓಟು ಕೇಳಲು ನಿಮ್ಮ ಬಾಗಿಲಿಗೆ ಬಂದವರನ್ನು ನೀವು ಕೇಳುತ್ತೀರಾ... “ಕರೆದಾಗ ಎಲ್ಲಿ ಹೋಗಿದ್ರಿ?” ಅಂತ?

ಸಾಹೇಬರು ಅಂದು ಬೆಳಿಗ್ಗೆಯೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದರು. ದಿನಭತ್ಯೆ ಬಂದೇ ಬರುತ್ತಿತ್ತು. ಕುರ್ಚಿ ಬಿಟ್ಟ ಮೇಲೆ ಪಿಂಚಣಿಯೂ ಇತ್ತು.

“ಅವರಿಗೆ ಏನೂ ನಿಲ್ಲಲ್ಲ ಅಜ್ಜಿ.”

ಇದನ್ನು ಶಿವನಂಜ ಅವಳಿಗೆ ಹೇಳಲೇ ಇಲ್ಲ.